ಹರಳೆಣ್ಣೆ ಸವರಿದ ಗುಂಡು

ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಕೈಯ ವಾಸನೆ ಹೋಗಲಿಲ್ಲ. ಸೀಮೆಎಣ್ಣೆಯದಾದರೆ ಚಿಂತೆಯಿರಲಿಲ್ಲ, ಅದು ಬಿಸಿಲು ಕಂಡರೆ ಹಾರಿಹೋಗುವ ಜಾತಿ. ಅದರ ಕೆಳಗೆ ಅವಿತು ಕೂತಿದ್ದ ಇನ್ನೊಂದು, ಮುಗ್ಗಲು ಹಿಡಿದ ಹರಳೆಣ್ಣೆಯದು, ಉಗುರಿನ ಸಂದಿಯಲ್ಲಿ ಬಿಡಾರ ಹೂಡಿತ್ತು. ಕಸ್ತೂರಿರಂಗ ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೆರಳು ಮೂಸಿದ. ಇನ್ನು ಮೂಸಬಾರದು ಎಂದುಕೊಂಡು ಮತ್ತೆ ಮೂಸಿದ. ಮದ್ದೂರಿನಲ್ಲಿ ಹೈಸ್ಕೂಲು ಹುಡುಗರಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು, ಹಣೆಯ ನಾಮ ಒಂದು ದಿನವೂ ಸೊಟ್ಟಗಾಗದವನು, ಇಸ್ತ್ರಿಯಿಲ್ಲದ ಶರಟು ತೊಟ್ಟು ಬೀದಿಗಿಳಿಯದವನು, ಬೆಳಗಿನ ಜಾವ ಕಳ್ಳನ ಹಾಗೆ ಎದ್ದು ಉಗ್ರಾಣದ ಬಾಗಿಲು ಹಾಕಿಕೊಂಡು ಬಂದೂಕಿನ ಗುಂಡುಗಳನ್ನು ಒಂದೊಂದಾಗಿ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದ್ದ. ಒರೆಸಿದ ಮೇಲೆ ಹಿತ್ತಾಳೆ ಹಬ್ಬದ ದಿನದ ಹರಿವಾಣದ ಹಾಗೆ ಫಳಫಳ ಅಂದಿತ್ತು. ಆ ಹೊಳಪು ನೋಡಿ ಒಂದು ಗಳಿಗೆ ಅವನಿಗೆ ಸಂತೋಷವೇ ಆಗಿಬಿಟ್ಟಿತ್ತು. ಅದನ್ನು ನೆನೆದು ಈಗ ಮತ್ತೊಮ್ಮೆ ಸೀಗೆಪುಡಿಗೆ ಕೈ ಹಾಕಿದ.

ಒರೆಸಿದ್ದೇಕೆ ಎಂದರೆ ಉತ್ತರ ಸಿದ್ಧವಾಗಿತ್ತು. ಇವತ್ತು ಮಂಡ್ಯದಿಂದ ಪಾರ್ಥಸಾರಥಿ ಬರುತ್ತಾರೆ, ಪಟ್ಟಣ ರಕ್ಷಣಾ ದಳಕ್ಕೆ ಜಿಲ್ಲೆಯಲ್ಲಿ ಅವರೇ ಮೇಲಿನವರು, ಪೆಟ್ಟಿಗೆ ತೆಗೆಸಿ ನೋಡುತ್ತಾರೆ, ಅಚ್ಚುಕಟ್ಟಾಗಿರಬೇಡವೇ? ನೆಂಟರು ಬರುವಾಗ ಪಾತ್ರೆ ಬೆಳಗುವುದಿಲ್ಲವೇ? ಈ ಉತ್ತರವನ್ನು ಬಚ್ಚಲ ಗೋಡೆಯೂ ನಂಬುವುದಿಲ್ಲ ಎಂದು ಗೊತ್ತಿದ್ದೂ ಅವನು ಅದನ್ನೇ ತಿರುಗಿಸಿ ಮುರುಗಿಸಿ ಹೇಳಿಕೊಳ್ಳುತ್ತಿದ್ದ. ನಿಜ ಬೇರೆ ಇತ್ತು. ಎಪ್ಪತ್ತೊಂದರ ಯುದ್ಧ ಇನ್ನೇನು ಮುಗಿಯಬೇಕು ಅನ್ನುವಾಗ, ಶಿಂಷಾ ಹೊಳೆಯ ರೈಲು ಸೇತುವೆಗೆ ಕಾವಲು ನಿಂತಿದ್ದ ಗಫಾರನ ಮೇಲೆ ಕಬ್ಬಿನ ಗದ್ದೆಯೊಳಗಿಂದ ಹುಚ್ಚುನಾಯಿ ನುಗ್ಗಿ ಬಂದಿತ್ತು. ಗಫಾರನ ಕೈಯಲ್ಲಿ ದಳದ ರೈಫಲ್ಲಿತ್ತು. ರೈಫಲ್ಲಿಗೆ ಗುಂಡು ತುಂಬಿದ ತಗಡಿನ ಡಬ್ಬಿ, ಮ್ಯಾಗಜೀನು, ಸಿಕ್ಕಿಸಿತ್ತು. ಆ ಗುಂಡುಗಳನ್ನು ಹಿಂದಿನ ಯುದ್ಧದ ಕಾಲದಿಂದ ತನ್ನ ಮನೆಯ ಉಗ್ರಾಣದಲ್ಲಿ ಜೋಪಾನ ಮಾಡಿದವನು ಕಸ್ತೂರಿರಂಗ. ಒಂದೂ ಹಾರಲಿಲ್ಲ. ನಾಯಿ ಗಫಾರನ ತೊಡೆಗೆ ಬಾಯಿ ಹಾಕಿತು. ಅವನು ಬಂದೂಕಿನ ಹಿಡಿಯಲ್ಲಿ ಹೊಡೆದು ಹೊಡೆದು ಅದನ್ನು ಕೊಂದ. ಆಮೇಲೆ ಮ್ಯಾಗಜೀನು ಕಳಚಿ ನೋಡಿದರೆ ಗುಂಡುಗಳೆಲ್ಲ ಅಂಟಂಟು, ಕಂದು ಬಣ್ಣದ ಎಣ್ಣೆ. ಗಫಾರ್ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಲಾರಿ ರಿಪೇರಿ ಮಾಡುವವನು. ಮ್ಯಾಗಜೀನು ಯುದ್ಧ ಶುರುವಾದಾಗಿನಿಂದ ಅವನ ವಶದಲ್ಲೇ ಇತ್ತು. ಎಣ್ಣೆ ಯಾರ ಕೈಯದು ಎಂದು ಊರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೆಕ್ಯಾನಿಕ್ಕು, ಅದರ ಮೇಲೆ ಸಾಬಿ, ಅದರ ಮೇಲೆ ಯುದ್ಧ ಯಾರ ಮೇಲೆ? ಗುಂಡು ಕೆಡಿಸಿಟ್ಟ, ಸೇತುವೆ ಹಾರಿಸುವವರಿಗೆ ದಾರಿ ಮಾಡಿಟ್ಟ, ದೇವರೇ ನಾಯಿ ಕಳಿಸಿ ತೋರಿಸಿಕೊಟ್ಟ ಅಂತ ಕಾಫಿ ಹೋಟೆಲಿನಲ್ಲಿ ಮದ್ದೂರು ವಡೆ ಮುರಿಯುತ್ತ ಜನ ತೀರ್ಪು ಕೊಟ್ಟಿದ್ದರು. ಪಾರ್ಥಸಾರಥಿ ಇವತ್ತು ಹೂಂ ಅಂದರೆ ಗಫಾರ್ ಮಂಡ್ಯದ ಜೈಲಿಗೆ ಹೋಗುತ್ತಾನೆ. ಉಗ್ರಾಣದ ಪೆಟ್ಟಿಗೆಯಲ್ಲಿ ಉಳಿದಿದ್ದ ಗುಂಡುಗಳು, ಗಫಾರ್ ಎಂದೂ ಮುಟ್ಟಿಯೇ ಇರದ ಗುಂಡುಗಳು, ಅವೂ ಹಾಗೇ ಅಂಟಂಟಾಗಿದ್ದವು. ಗಫಾರನನ್ನು ಉಳಿಸಬಹುದಾಗಿದ್ದದ್ದು ಅದೊಂದೇ. ಅದನ್ನೇ ಈ ಮನುಷ್ಯ ಬೆಳಗಾಗುವಷ್ಟರಲ್ಲಿ ಒರೆಸಿ ಮುಗಿಸಿದ್ದ, ಒರೆಸಿದ ಬಟ್ಟೆಯನ್ನು ಬಚ್ಚಲ ಒಲೆಗೆ ಹಾಕಿ ಅದೇ ಉರಿಯಲ್ಲಿ ನೀರು ಕಾಯಿಸಿಕೊಂಡು ಸ್ನಾನ ಮಾಡಿದ್ದ.

"ಏನೋ ರಂಗ ಇದು, ಒಲೆಗೆ ಏನು ಹಾಕಿದೆಯೋ, ಮನೆಯೆಲ್ಲ ಕಮಟು," ಅಂದಳು ತಾಯಿ ಪದ್ಮಮ್ಮ, ಅಡಿಗೆಮನೆಯಿಂದ.

"ಹಳೇ ಬಟ್ಟೆ ಅಮ್ಮ."

"ಹಳೇ ಬಟ್ಟೆ ಪಾತ್ರೆಯವಳಿಗೆ ಕೊಟ್ಟರೆ ಲೋಟನಾದರೂ ಬರೋದು. ಶ್ರೀಮತಿ ಇದ್ದಿದ್ದರೆ ಬಿಡ್ತಿದ್ದಳಾ?" ಹೆಂಡತಿ ಬಸರಾಳಿನ ತವರಿಗೆ ಹೋಗಿದ್ದಳು. ಸದ್ಯ ಹೋಗಿದ್ದಳಲ್ಲ ಎಂದುಕೊಂಡ; ಅವಳ ಮೂಗು ಚುರುಕು.

ಕಾಫಿ ಲೋಟ ಹಿಡಿದರೆ ಕಾಫಿಗೂ ಅದೇ ವಾಸನೆ. ಹರಳೆಣ್ಣೆಗೆ ಅವನು ಹುಟ್ಟಿದಾಗಿನಿಂದ ಹೇಸುತ್ತಿದ್ದ. ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ತಂದೆ ಮೊಣಕಾಲಿನ ಸಂದಿಯಲ್ಲಿ ಅವನನ್ನು ಅದುಮಿ ಹಿಡಿದು, ಮೂಗು ಮುಚ್ಚಿ, ಬಾಯಿ ತೆರೆದಾಗ ಒಳಲೆಯಲ್ಲಿ ಬೆಚ್ಚನೆ ಎಣ್ಣೆ ಹೊಯ್ಯುತ್ತಿದ್ದರು. ಗಂಟಲಿಗೆ ಇಳಿಯದೆ, ಉಗುಳಲೂ ಆಗದೆ, ನಾಲಿಗೆಯ ಮೇಲೆ ದಪ್ಪಗೆ ಕೂತಿರುತ್ತಿತ್ತು. ಆಮೇಲೆ ಮಧ್ಯಾಹ್ನದವರೆಗೆ ಹಿತ್ತಿಲಿಗೂ ಮನೆಗೂ ಓಡಾಟ. ಚಡ್ಡಿಯಲ್ಲಿಯೇ ಆಗಿಹೋದ ದಿನ ಪಕ್ಕದ ಮನೆಯ ಹುಡುಗಿಯರು ಬೇಲಿಯ ಹತ್ತಿರ ನಿಂತು ನಕ್ಕದ್ದು ಇಂದಿಗೂ ಅವನ ಕಿವಿಯಲ್ಲಿತ್ತು. ನಗು ಅಂದರೆ ಅವನಿಗೆ ಅದೇ ನಗು. ಕ್ಲಾಸಿನಲ್ಲಿ ಯಾವನಾದರೂ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರೆ ಮೊದಲು ತನ್ನ ಪ್ಯಾಂಟು ನೋಡಿಕೊಳ್ಳುತ್ತಿದ್ದ. ನಾಯಿ ಕಚ್ಚಿದ ದಿನದಿಂದ ಈ ಬೆಳಗಿನವರೆಗೆ ನಿಜ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವನಿಗೆ ಕೇಳಿಸಿದ್ದು ಆ ನಗುವೇ. ಬಿ.ಎಸ್ಸಿ. ಮೇಷ್ಟ್ರು ಬಂದೂಕಿನ ಗುಂಡಿಗೆ ತೊಗರಿಬೇಳೆಗೆ ಸವರಿದ ಹಾಗೆ ಹರಳೆಣ್ಣೆ ಸವರಿದರಂತೆ! ಮಂಡ್ಯ, ಮದ್ದೂರು, ಮಳವಳ್ಳಿ, ಮೂರು ಊರಿಗೂ ಈ ಮಾತು ಮಧ್ಯಾಹ್ನದ ಬಸ್ಸಿಗೆ ಹತ್ತಿ ಸಂಜೆಗೆ ಇಳಿಯುತ್ತದೆ.

ಆದದ್ದು ಅದೇ. ಅರವತ್ತೈದರಲ್ಲಿ ಮೊದಲ ಸಲ ದಳ ಕಟ್ಟಿದಾಗ, ಕಾಲೇಜಿನಲ್ಲಿ ಎನ್.ಸಿ.ಸಿ. ಮಾಡಿದ್ದವನು, ಇಂಗ್ಲಿಷು ಬಲ್ಲವನು ಎಂದು ಇವನನ್ನು ಮುಖಂಡನನ್ನಾಗಿ ಮಾಡಿ, ಪೆಟ್ಟಿಗೆ ತಂದು ಮನೆಗಿಳಿಸಿ, "ಆಪತ್ಕಾಲಕ್ಕಿದು, ಯಾವಾಗ ಬೇಕಾಗುತ್ತೋ ಹೇಳೋಕಾಗಲ್ಲ, ಮ್ಯಾಗಜೀನು ತುಂಬೇ ಇಟ್ಟಿರಿ, ತೇವ ತಾಗಿಸಬೇಡಿ" ಎಂದು ಹೇಳಿ ಹೋದ ಮಂಡ್ಯದ ಅಧಿಕಾರಿಗಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ತೇವ ತಾಗದ ಹಾಗೆ ಇಡುವುದು ಹೇಗೆ ಎಂದು ಆಗಲೇ ಕೇಳಬಹುದಿತ್ತು. ವಿಜ್ಞಾನದ ಮೇಷ್ಟ್ರು ಕೇಳುವುದು ಹೇಗೆ? ಯುದ್ಧ ಮುಗಿಯಿತು. ಪೆಟ್ಟಿಗೆ ಉಗ್ರಾಣದಲ್ಲಿ ಅಕ್ಕಿ ಮೂಟೆಗೂ ಉಪ್ಪಿನಕಾಯಿ ಜಾಡಿಗೂ ನಡುವೆ ಉಳಿಯಿತು. ಮೊದಲ ಮಳೆಗಾಲ ಕಳೆದು ತೆಗೆದು ನೋಡಿದರೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಅವನ ಎದೆ ಧಸಕ್ಕೆಂದಿತು, ಸರ್ಕಾರದ ಸೊತ್ತು. ಆ ಹೊತ್ತಿಗೆ ತಾಯಿ ಹಜಾರದಲ್ಲಿ ಮೊರದ ತುಂಬ ತೊಗರಿಬೇಳೆ ಹರವಿಕೊಂಡು ಅಂಗೈಗೆ ಹರಳೆಣ್ಣೆ ಹಾಕಿಕೊಂಡು ಸವರುತ್ತಿದ್ದಳು. "ಇದು ಸವರಿಟ್ಟರೆ ವರ್ಷವಾದರೂ ಹುಳ ಬೀಳಲ್ಲ ಕಣೋ, ನಿನ್ನ ಗುಂಡಿಗೂ ಸವರು," ಎಂದು ಅವಳು ತಮಾಷೆಗೆ ಅಂದಳೋ ನಿಜಕ್ಕೆ ಅಂದಳೋ. ಅವನ ಬಿ.ಎಸ್ಸಿ. ಬುದ್ಧಿ ಅದಕ್ಕೊಂದು ಕಾರಣ ಹುಡುಕಿ ಕೊಟ್ಟಿತು: ಎಣ್ಣೆಯ ಪೊರೆ ಇದ್ದರೆ ಗಾಳಿ ತಾಗದು, ಗಾಳಿ ತಾಗದಿದ್ದರೆ ಕಿಲುಬು ಹಿಡಿಯದು. ಸರಿ ಅನ್ನಿಸಿತು. ಹಿಡಿಸದ ಎಣ್ಣೆಯಾದ್ದರಿಂದ ಅದರಲ್ಲಿ ಔಷಧದ ಗುಣವೂ ಇರಬೇಕು ಅನ್ನಿಸಿತು.

ಅಲ್ಲಿಂದ ಪ್ರತಿ ಬೇಸಿಗೆ ತಾರಸಿಯ ಮೇಲೆ ಒಂದು ಹಳೇ ಪಂಚೆಯಲ್ಲಿ ಬೇಳೆ, ಇನ್ನೊಂದು ಪಂಚೆಯಲ್ಲಿ ಗುಂಡು. ಪದ್ಮಮ್ಮ ಕೊಡೆ ಹಿಡಿದು ಕೂತು ಎರಡಕ್ಕೂ ಕಾಗೆ ಓಡಿಸುತ್ತಿದ್ದಳು. ಇವನು ಒಂದೊಂದು ಗುಂಡಿಗೂ ಬುಡದಿಂದ ತುದಿಯವರೆಗೆ ಎಣ್ಣೆ ಸವರುತ್ತಿದ್ದ. ಬುಡದ ನಡುವೆ ಇರುವ ಆ ಪುಟ್ಟ ಬಿಲ್ಲೆ, ಬಂದೂಕಿನ ಮೊಳೆ ಬಡಿದು ಕಿಡಿ ಹಾರಬೇಕಾದ ಜಾಗ, ಅದರ ಸುತ್ತಲಿನ ಕೂದಲೆಳೆಯ ಸಂದಿಗೂ ಬಿಡದೆ ತುಂಬುತ್ತಿದ್ದ. ಅಲ್ಲೇ ಎಣ್ಣೆ ಒಳಗಿಳಿದು ಮದ್ದನ್ನು ಕೊಂದದ್ದು. ವರ್ಷವಿಡೀ ತುಂಬಿಯೇ ಇದ್ದರೆ ಮ್ಯಾಗಜೀನಿನ ಸ್ಪ್ರಿಂಗು ಸೋತೀತು ಎಂದು ಅವಕ್ಕೆ ಸರದಿಯ ಮೇಲೆ ಬಿಡುವು ಕೊಡುತ್ತಿದ್ದ. ಸ್ಪ್ರಿಂಗಿನ ಪಾಠ ಬಂದಾಗ ಕ್ಲಾಸಿನಲ್ಲಿ ಒಂದು ಖಾಲಿ ಮ್ಯಾಗಜೀನು ತೋರಿಸಿ ಹುಡುಗರ ಬಾಯಿ ತೆರೆಸಿದ್ದೂ ಉಂಟು. ಮೊನ್ನೆ ಸ್ಪ್ರಿಂಗು ಚೆನ್ನಾಗಿಯೇ ಕೆಲಸ ಮಾಡಿತು. ಸತ್ತ ಗುಂಡುಗಳನ್ನು ಒಂದರ ಹಿಂದೊಂದು ತಪ್ಪದೆ ಎತ್ತಿ ಕೊಟ್ಟಿತು.

ಹೊರಗೆ ಯಾರೋ ಕೆಮ್ಮಿದರು. ಮುದ್ದಯ್ಯ. ಅವನೂ ದಳದವನೇ, ಹೊಳೆಯಾಚೆ ಗದ್ದೆ ಮಾಡುವವನು, ಅವತ್ತು ಸೇತುವೆಯ ಆ ತುದಿಯಲ್ಲಿ ದೊಣ್ಣೆ ಹಿಡಿದು ನಿಂತಿದ್ದವನು. ಜಗಲಿಯ ಮೇಲೆ ಕೂರದೆ ಕಂಬ ಹಿಡಿದು ನಿಂತೇ ಇದ್ದ.

"ಸ್ವಾಮಿ, ಸಾಯೇಬ್ರು ಬತ್ತಾರಂತಲ್ಲ. ನಾನ್ ಕಣ್ಣಾರೆ ಕಂಡೋನು, ಎಲ್ಲಿ ಬೇಕಾದ್ರೂ ಯೋಳ್ತೀನಿ. ಅವ್ನು ಓಡ್ನಿಲ್ಲ. ಬಂದೂಕಿನ್ ಕುದುರೆ ಎಳ್ದ, ಟಕ್ ಅಂತು. ತಿರ್ಗ ಎಳ್ದ, ಟಕ್ ಅಂತು. ನಾನು ‘ಬುಟ್ಟು ಓಡ್ಲಾ ಗಫಾರ’ ಅಂತ ಬಡ್ಕೊಂಡೆ. ಇಂದ್ಗಡೆ ಗ್ಯಾಂಗ್‌ಮನ್ನನ ಎಂಡ್ತಿ ಮಗೀನ ಎತ್ಕೊಂಡು ನಿಂತಿದ್ಲು ಸ್ವಾಮಿ, ಅದ್ಕೆ ಓಡ್ನಿಲ್ಲ ಅವ್ನು."

"ಗೊತ್ತು ಮುದ್ದಯ್ಯ."

"ಗೊತ್ತು ಅಂದ್ರಾಗಕಿಲ್ಲ. ನೀವೊಂದ್ ಮಾತು ಯೋಳ್ಬೇಕು. ನನ್ ಮಾತ್ನ ಯಾವನ್ ಕೇಳಾನು? ನಿಮ್ ಮಾತ್ನ ಸಾಯೇಬ್ರು ತಗ್ದಾಕಕಿಲ್ಲ."

"ನೋಡೋಣ," ಅಂದ ಕಸ್ತೂರಿರಂಗ. ನೋಡೋಣ! ಆ ಮಾತು ಬಾಯಿಂದ ಬಿದ್ದದ್ದೇ ಅದನ್ನು ಕಾಲಿನಿಂದ ಹೊಸಕಿಹಾಕಬೇಕು ಅನ್ನಿಸಿತು. ನಿನ್ನೆ ಗಫಾರನ ಮನೆಯಲ್ಲಿ ಆಡಿದ ಮಾತೂ ಇದೇ ಜಾತಿಯದು. ದಿನಾ ಆಸ್ಪತ್ರೆಗೆ ಹೋಗಿ ಹೊಕ್ಕುಳ ಸುತ್ತ ಸೂಜಿ ಹಾಕಿಸಿಕೊಂಡು ಬಂದು ಗಫಾರ್ ಚಾಪೆಯ ಮೇಲೆ ಅಂಗಾತ ಮಲಗಿರುತ್ತಿದ್ದ. ಅಂಗಿ ಮೇಲಕ್ಕೆ ಸರಿಸಿ ತೋರಿಸಿದ್ದ. ಹೊಟ್ಟೆಯ ಮೇಲೆ ಸೂಜಿ ಹೊಕ್ಕ ಕಡೆಯೆಲ್ಲ ನಿಂಬೆಹಣ್ಣಿನ ಗಾತ್ರದ ಗಂಟು, ಕೆಂಪಗೆ, ಬಿಸಿಯಾಗಿ. ಕಸ್ತೂರಿರಂಗನಿಗೆ ಕನಿಕರ ಬರಬೇಕಿತ್ತು, ಬಂದದ್ದು ವಾಕರಿಕೆ. ತೊಡೆಯ ಗಾಯದ ಪಟ್ಟಿಯಿಂದ ಕೀವಿನ ವಾಸನೆ. ಗಫಾರ್ ತನ್ನೆರಡೂ ಕೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದ. "ಈ ಕೈ ಸ್ವಾಮಿ," ಅಂದಿದ್ದ, "ಎಷ್ಟ್ ತೊಳದ್ರೂ ಗ್ರೀಸು ಇದ್ದೇ ಇರ್ತದೆ. ಗ್ಯಾರೇಜಲ್ಲಿ ಆ ಡಬ್ಬಿ ಮುಟ್ಟಿ ಮುಟ್ಟಿ ನೋಡ್ತಿದ್ದೆ, ಸರಿಯಾಗಿದ್ಯೋ ಇಲ್ವೋ ಅಂತ. ನಾನೇ ಕೆಡಿಸ್ದೆ ಅನ್ಸ್ತದೆ. ಬೇಕು ಅಂತ ಮಾಡ್ಲಿಲ್ಲ ಸ್ವಾಮಿ, ಅಲ್ಲಾನ ಆಣೆ." ಆಗ, ಆ ಕ್ಷಣದಲ್ಲಿ, ಒಂದು ಮಾತು ಸಾಕಿತ್ತು. ಕಸ್ತೂರಿರಂಗ ಹೇಳಿದ್ದು: "ಇರಬಹುದು ಗಫಾರ್, ಯೋಚನೆ ಮಾಡಬೇಡ." ಇರಬಹುದು! ಮನೆಗೆ ಬರುವ ದಾರಿಯಲ್ಲಿ ಚರಂಡಿಯ ಪಕ್ಕ ನಿಂತು ಉಗುಳಿದ್ದ, ಏನೂ ಬರಲಿಲ್ಲ.

ಜೀಪು ಬಂತು. ಪಾರ್ಥಸಾರಥಿ ದಪ್ಪನೆಯ ನಗುಮುಖದ ಮನುಷ್ಯ. ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡು ಒಳಗೆ ಬಂದರು, ಇವನ ನಾಮ ನೋಡಿ ಗೋತ್ರ ಕೇಳಿದರು, ಮೇಲುಕೋಟೆಯಲ್ಲಿ ಯಾರ ಪೈಕಿ ಎಂದು ವಿಚಾರಿಸಿದರು, ಕೊನೆಗೆ ಇಬ್ಬರ ಸೋದರತ್ತೆಯರ ಕಡೆಯಿಂದ ಏನೋ ಒಂದು ನಂಟು ಹೊರಡಿಸಿಯೇಬಿಟ್ಟರು. "ಹಾಗಾದರೆ ನಮ್ಮವರೇ ಆದಿರಲ್ಲ!" ಕಸ್ತೂರಿರಂಗನಿಗೆ ಹಿತವಾಯಿತು. ಹಿತವಾಯಿತಲ್ಲ ಎಂದು ಅಸಹ್ಯವಾಯಿತು. ಅಸಹ್ಯದ ಕೆಳಗೆ ಹಿತ ಹಾಗೆಯೇ ಇತ್ತು. ಮುದ್ದಯ್ಯನನ್ನು ಅವರು ಜಗಲಿಯಲ್ಲೇ ನಿಲ್ಲಿಸಿ, ಅವನು ಹೇಳಿದ್ದನ್ನು ಒಂದು ಕಿವಿಯಲ್ಲಿ ಕೇಳಿ, "ಆಯ್ತಪ್ಪ, ಆಯ್ತು," ಅಂದಿದ್ದರು.

ಉಗ್ರಾಣದಿಂದ ಪೆಟ್ಟಿಗೆ ಎಳೆದು ಹಜಾರಕ್ಕೆ ತಂದದ್ದಾಯಿತು. ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ಮ್ಯಾಗಜೀನುಗಳು, ಬಟ್ಟೆ ಹಾಸಿದ ಮೇಲೆ ಗುಂಡುಗಳು, ಎಲ್ಲ ಫಳಫಳ. ಪಾರ್ಥಸಾರಥಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದಪ್ಪ ಶಿಸ್ತು ಅಂದ್ರೆ! ಬೇರೆ ಕಡೆ ನಾನು ನೋಡಿದೀನಿ ಮೇಷ್ಟ್ರೆ, ಇಲಿ ಪಿಕ್ಕೆ, ಜೇಡರ ಬಲೆ. ನಿಮ್ಮದು ದೇವರ ಮಂಟಪ ಇದ್ದ ಹಾಗಿದೆ. ನೋಡಿ, ಇಲ್ಲಿರೋದೆಲ್ಲ ಹೀಗಿದೆ, ಅವನ ಹತ್ತಿರ ಹೋದದ್ದು ಮಾತ್ರ ಹಾಗಾಗಿದೆ. ಇನ್ನೇನು ಬೇಕು ಹೇಳಿ?" ಕಸ್ತೂರಿರಂಗ ಪೆಟ್ಟಿಗೆಯ ಅಂಚಿನ ಧೂಳು ಒರೆಸಿದ. ತಾನು ಬೆಳಗಿನ ಜಾವ ಮಾಡಿದ್ದು ಇದಕ್ಕೇ ಎಂದು ಈಗ ಬೇರೊಬ್ಬರ ಬಾಯಿಂದ ಕೇಳಿದಂತಾಯಿತು. ಆ ಗುಂಡುಗಳೂ ಸತ್ತಿದ್ದವು. ಹೊರಗೆ ಹೊಳಪು ಬಂದಿತ್ತು ಅಷ್ಟೆ. ಹೊಳೆಯ ದಂಡೆಗೆ ಒಯ್ದು ಒಂದನ್ನು ಹಾರಿಸಿ ನೋಡಿ ಎಂದರೆ ಸಾಕಿತ್ತು. ಆ ಮಾತು ಗಂಟಲವರೆಗೆ ಬಂದು, ಅಲ್ಲಿಂದ ಮೇಲಕ್ಕೂ ಬರದೆ ಕೆಳಕ್ಕೂ ಹೋಗದೆ, ದಪ್ಪಗೆ ನಿಂತಿತು.

ತಾಯಿಗೆ ಹೊರಗೆ ಬರಬೇಡ ಎಂದು ಹೇಳಲು ಅವನಿಗೆ ಕಾರಣ ಸಿಕ್ಕಿರಲಿಲ್ಲ. ಪದ್ಮಮ್ಮ ಕಾಫಿ ಹಿಡಿದುಕೊಂಡು ಬಂದವಳು ಪೆಟ್ಟಿಗೆ ನೋಡಿ ನಿಂತಳು.

"ಏನೋ ಇದು ರಂಗ, ಎಣ್ಣೆ ಎಲ್ಲ ಒರೆಸಿಬಿಟ್ಟಿದ್ದೀಯ? ಇನ್ನು ಕಿಲುಬು ಹಿಡಿಯಲ್ವಾ?"

"ಯಾವ ಎಣ್ಣೆ ಅಮ್ಮ?" ಅಂದರು ಪಾರ್ಥಸಾರಥಿ, ಲೋಟ ತೆಗೆದುಕೊಳ್ಳುತ್ತ.

"ಹರಳೆಣ್ಣೆ ಕಣಪ್ಪ. ಬೇಳೆಗೆ ಸವರಲ್ವೇ, ಹಾಗೇ ಇದಕ್ಕೂ ವರ್ಷಾ ವರ್ಷಾ ಸವರಿ ಒಣಗಿಸಿ ಇಡ್ತಾನೆ. ನಾನೇ ಹೇಳಿಕೊಟ್ಟದ್ದು. ಹುಳ ಬೀಳಲ್ಲ."

ಪಾರ್ಥಸಾರಥಿಯವರಿಗೆ ಕಾಫಿ ನೆತ್ತಿಗೆ ಹತ್ತಿತು. ನಕ್ಕರು. ಹೊಟ್ಟೆ ಹಿಡಿದುಕೊಂಡು, ಲೋಟ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಗುಂಡಿಗೆ ಹುಳ! ಅಯ್ಯೋ ರಾಮ! ನಮ್ಮ ತಾಯಿಯೂ ಹೀಗೇನೇ, ರೇಡಿಯೋಗೆ ಅರಿಶಿನ ಕುಂಕುಮ ಇಡ್ತಾರೆ!" ಕಸ್ತೂರಿರಂಗನೂ ನಕ್ಕ. ಅವನಿಗೆ ಗೊತ್ತಾಗುವ ಮೊದಲೇ ನಗು ಬಂದಿತ್ತು, ದೊಡ್ಡವರು ನಕ್ಕಾಗ ಹಿಂದೆ ನಿಂತವರು ನಗುವ ನಗು. ತನ್ನ ತಾಯಿಯನ್ನು ನೋಡಿ, ಮುಪ್ಪಿನ ಹುಚ್ಚು ಸ್ವಾಮಿ ಏನು ಮಾಡುವುದು ಎನ್ನುವಂತೆ ತಲೆಯಾಡಿಸಿ ನಕ್ಕ. ಪದ್ಮಮ್ಮ ಇಬ್ಬರನ್ನೂ ನೋಡಿದಳು. ಮಗನ ಮುಖ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು.

ನಕ್ಕು ಮುಗಿಸಿ ಪಾರ್ಥಸಾರಥಿ ಮುಖ ಒರೆಸಿಕೊಂಡರು. "ಸರಿ, ಇನ್ನು ಆ ಗಫಾರಂದು. ನಾಳೆ ಬೆಳಗ್ಗೆ ಪೊಲೀಸರು ಬಂದು ಕರಕೊಂಡು ಹೋಗ್ತಾರೆ. ನಾಲ್ಕು ಒದ್ದು ಕೇಳಿದರೆ ಯಾರು ಹೇಳಿಕೊಟ್ಟದ್ದು ಅಂತ ಬಾಯಿಬಿಡ್ತಾನೆ."

ಹಜಾರದ ಕಿಟಕಿಯ ಆಚೆ ಮುದ್ದಯ್ಯನ ರುಮಾಲು ಕಾಣುತ್ತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಅಲ್ಲೂ ಕೇಳಿಸಿಕೊಳ್ಳುತ್ತಿದ್ದರು. ಕಸ್ತೂರಿರಂಗ ಹೇಳಿದ. ಹೇಳಲಿಲ್ಲ ಎಂದು ಅವನ ಮೇಲೆ ಯಾರೂ ಬೆರಳು ತೋರಿಸುವ ಹಾಗಿಲ್ಲ. "ಸಾರ್, ನಮ್ಮಮ್ಮ ಹೇಳಿದ್ದು ನಿಜ ಸಾರ್. ನಾನೇ ಎಣ್ಣೆ ಸವರಿದ್ದು. ಗಫಾರಂದು ಏನೂ ತಪ್ಪಿಲ್ಲ." ಮಾತು ಸರಿಯಾಗಿಯೇ ಇತ್ತು, ಒಂದಕ್ಷರ ಸುಳ್ಳಿಲ್ಲ. ಆದರೆ ಹೇಳುವಾಗ ಮುಖದ ಮೇಲಿನ ನಗುವನ್ನು ಅವನು ತೆಗೆದಿರಲಿಲ್ಲ. ತೆಗೆಯಬಹುದಿತ್ತು. ದನಿಯನ್ನು ಬೇಡಿಕೊಳ್ಳುವವನ ದನಿ ಮಾಡಿ, ತಲೆಯನ್ನು ಒಂದು ಕಡೆ ವಾಲಿಸಿ, ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗಾಗಿ ಹೆಡ್‌ಮಾಸ್ತರರ ಹತ್ತಿರ ಮಾತಾಡುವ ಹಾಗೆ ಹೇಳಿದ್ದ. ನಂಬಬೇಡಿ ಎನ್ನುವುದನ್ನು ಎಷ್ಟು ರೀತಿಯಲ್ಲಿ ಹೇಳಬಹುದೋ ಅಷ್ಟೂ ರೀತಿಯಲ್ಲಿ ಹೇಳಿ, ಬಾಯಲ್ಲಿ ಮಾತ್ರ ನಿಜ ಆಡಿದ್ದ. ಇಷ್ಟು ಚೆನ್ನಾಗಿ ನಟನೆ ಮಾಡಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ.

ಪಾರ್ಥಸಾರಥಿ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. "ನಿಮ್ಮಂಥವರು ಈಗ ಎಲ್ಲಿ ಸಿಗ್ತಾರೆ ಮೇಷ್ಟ್ರೆ? ಅವನಿಗಾಗಿ ನಿಮ್ಮ ತಲೆ ಮೇಲೆ ಎಳಕೊಳ್ತೀರಿ. ದೊಡ್ಡ ಮನಸ್ಸು. ಆದರೆ ಇದನ್ನ ನಾನು ಮೇಲಿನವರಿಗೆ ಹೇಳಿದರೆ ನನ್ನನ್ನೇ ನೋಡಿ ನಗ್ತಾರೆ. ಬಿ.ಎಸ್ಸಿ. ಓದಿದವರು ಗುಂಡಿಗೆ ಹರಳೆಣ್ಣೆ ಹಚ್ಚಿದರು ಅಂದರೆ ಯಾರು ನಂಬ್ತಾರೆ ಸ್ವಾಮಿ? ನೀವು ಹೇಳಿದ್ದು ನಾನು ಕೇಳಲಿಲ್ಲ, ಆಯ್ತಾ?" "ಸಾರ್..." ಅಂದ ಕಸ್ತೂರಿರಂಗ. ಅಷ್ಟೆ ಅಂದ. ಮೈಯಲ್ಲಿ ಬಿಗಿದು ಹಿಡಿದಿದ್ದದ್ದೇನೋ ಸಡಿಲವಾಗಿ, ಹಗುರಾಗಿ, ಕೈಕಾಲಿಗೆ ಬಿಸಿ ಬಂತು. ಬಚಾವಾದೆ ಅನ್ನಿಸಿತು. ಹೇಳಿಯೂ ಆಯಿತು, ಬಚಾವೂ ಆದೆ. ಜೀಪು ಮೈಸೂರು ರಸ್ತೆಗೆ ತಿರುಗುವವರೆಗೆ ಕೈಮುಗಿದು ನಿಂತಿದ್ದು ಒಳಗೆ ಬಂದರೆ ತಾಯಿ ಊಟಕ್ಕೆ ಎಲೆ ಹಾಕಿದ್ದಳು. ಅನ್ನದ ಮೇಲೆ ತೊವ್ವೆ ಬಿತ್ತು. ಹಳದಿ, ಹಬೆಯಾಡುವ ತೊವ್ವೆ. ಅವನು ಎಲೆ ಬಿಟ್ಟು ಎದ್ದು ಹಿತ್ತಿಲಿಗೆ ಓಡಿ ಬೇಲಿಯ ಬುಡದಲ್ಲಿ ಕಾರಿಕೊಂಡ. ಹಿಂದಿನಿಂದ ಯಾರೂ 'ಏನಾಯಿತೋ' ಎಂದು ಕೇಳಲಿಲ್ಲ.

ಕೇಳಿದ್ದರೆ ಒಳ್ಳೆಯದಿತ್ತು. ಬಾಯಿ ಮುಕ್ಕಳಿಸಿ, ಬೇರೆ ಶರಟು ಹಾಕಿಕೊಂಡು ಹೊರಟ. ಈಗ ಹೋಗಿ ಗಫಾರನಿಗೇ ಹೇಳುತ್ತೇನೆ, ನಗದೆ ಹೇಳುತ್ತೇನೆ, ಅವನು, ನಾನು, ಮುದ್ದಯ್ಯ ಮೂವರೂ ಒಂದು ಗುಂಡು ತೆಗೆದುಕೊಂಡು ಹೋಗಿ ಮಂಡ್ಯದಲ್ಲಿ ಹಾರಿಸಿ ತೋರಿಸೋಣ, ಇವತ್ತೇ, ಸಂಜೆಯ ಬಸ್ಸಿಗೇ. ಬೀದಿಯಲ್ಲಿ ಯುದ್ಧ ಗೆದ್ದ ಖುಷಿ ಇನ್ನೂ ಆರಿರಲಿಲ್ಲ, ಅಂಗಡಿಗಳ ಮುಂದೆ ಕಾಗದದ ತೋರಣ. ಜವಳಿ ಅಂಗಡಿಯವರು ಕರೆದು ಕೈಗೆ ಪೇಡ ಇಟ್ಟರು. "ಮುದ್ದಯ್ಯನಿಂದ ವಿಷಯ ತಿಳೀತು ಮೇಷ್ಟ್ರೆ. ಆ ಸಾಬಿಗೋಸ್ಕರ ನೀವು... ನಾವಾಗಿದ್ರೆ ಮಾಡ್ತಿರಲಿಲ್ಲಪ್ಪ." ಇಷ್ಟು ಬೇಗ! ಬೀದಿಯ ತುದಿಗೆ ಬರುವಷ್ಟರಲ್ಲಿ ಇನ್ನಿಬ್ಬರು ಎದ್ದು ನಿಂತು ನಮಸ್ಕಾರ ಮಾಡಿದರು. ಅವನೂ ಮಾಡಿದ. ಪೇಡ ಅಂಗೈಯಲ್ಲಿ ಕರಗಿ ಅಂಟಾಯಿತು, ಎಸೆಯಲು ಧೈರ್ಯವಾಗದೆ ಹಿಡಿದೇ ನಡೆದ.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಗಫಾರನ ಮನೆ. ಮುದ್ದಯ್ಯ ಆಗಲೇ ಬಂದು ಹೊಸ್ತಿಲ ಹತ್ತಿರ ಕೂತಿದ್ದ, ಇವನನ್ನು ಕಂಡು ಎದ್ದು ನಿಂತ. ಗಫಾರನ ತಾಯಿ ಜೈನಾಬ್ ಬೀ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು. ಏನೋ ಹೇಳಲು ಹೋಗಿ ಆಗದೆ, ಬಗ್ಗಿ ಅವನ ಕಾಲಿನ ಹತ್ತಿರದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಫಾರ್ ಗೋಡೆಗೆ ಒರಗಿ ಕೂತಿದ್ದ. ನಾಳೆ ಬರುವವರ ವಿಷಯ ಅವನಿಗೆ ತಿಳಿದಿತ್ತು. ಪಕ್ಕದಲ್ಲಿ ಒಂದು ಜೊತೆ ಬಟ್ಟೆ ಮಡಿಸಿ ಗಂಟು ಕಟ್ಟಿತ್ತು.

"ಗಫಾರ್, ಒಂದು ವಿಷಯ ಹೇಳಬೇಕು," ಅಂದ ಕಸ್ತೂರಿರಂಗ. ಈ ಸಲ ಮುಖದ ಮೇಲೆ ನಗುವಿರಲಿಲ್ಲ. "ಆ ಎಣ್ಣೆ ನಾನೇ..."

"ಬ್ಯಾಡಿ ಸ್ವಾಮಿ." ಗಫಾರ್ ಎರಡೂ ಕೈ ಎತ್ತಿ ತಡೆದ. "ಮುದ್ದಯ್ಯ ಎಲ್ಲಾ ಹೇಳ್ದ. ಸಾಯೇಬ್ರ ಮುಂದೆ ನನಗೋಸ್ಕರ ಅಷ್ಟ್ ದೊಡ್ ಸುಳ್ಳು ಹೇಳ್ದ್ರಂತೆ. ತಾಯೀನ ಪಕ್ಕದಲ್ಲಿಟ್ಕೊಂಡು ಹೇಳ್ದ್ರಂತೆ. ಊರಲ್ಲಿ ನನ್ನ ಪರ ಬಾಯಿ ಬಿಟ್ಟೋರು ನೀವಿಬ್ರೇ. ಜೈಲಿಗೆ ಹೋದ್ರೂ ಅದೊಂದ್ ಸಾಕು ನಂಗೆ." ಬಟ್ಟೆಯ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡ. "ಆದ್ರೆ ಇನ್ನು ಹೇಳ್ಬ್ಯಾಡಿ. ನೀವು ಪೂಜೆ ಮಾಡೋ ಜನ, ಒಂದ್ ದಿನ ಸುಳ್ಳಾಡಿದೋರಲ್ಲ. ನನ್ನಂಥೋನ್ಗೋಸ್ಕರ ನಿಮ್ ಬಾಯಿ ಹೊಲ್ಸು ಮಾಡ್ಕೋಬ್ಯಾಡಿ."

"ಸುಳ್ಳಲ್ಲ ಗಫಾರ್..."

"ಗೊತ್ತು ಸ್ವಾಮಿ, ನೀವ್ ಹಿಂಗೇ ಅಂತೀರ ಅಂತ ಗೊತ್ತು. ನಿಮ್ಗೆ ಕೈ ಮುಗೀತೀನಿ. ಇನ್ಮೇಲೆ ಯಾರ್ ಮುಂದೂ ಹೇಳಲ್ಲ ಅಂತ ಮಾತು ಕೊಡಿ."

ಜೈನಾಬ್ ಬೀ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುದ್ದಯ್ಯ ರುಮಾಲಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಗಫಾರ್ ಚಾಚಿದ ಕೈ ಹಾಗೇ ಇತ್ತು.

ಕಸ್ತೂರಿರಂಗ ಪೇಡವನ್ನು ಎಡಗೈಗೆ ಸರಿಸಿ, ಬಲಗೈಯನ್ನು ಪಂಚೆಗೆ ಒರೆಸಿಕೊಂಡು, ಆ ಕೈಯ ಮೇಲೆ ಇಟ್ಟ.

"ಆಯ್ತು ಗಫಾರ್," ಅಂದ, "ಇನ್ನು ಹೇಳಲ್ಲ."